ಮಕ್ಕಳಲ್ಲಿ ಜ್ವರ ಮತ್ತು ತೀವ್ರ ಸೋಂಕು: ಅಪಾಯದ ಲಕ್ಷಣಗಳನ್ನು ಗುರುತಿಸುವ ಕ್ರಮ ಹಾಗೂ ಲಭ್ಯವಿರುವ ಸೇವೆಗಳು

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮಕ್ಕಳಿಗೆ ಜ್ವರ ಬರುವುದು ಸರ್ವೇಸಾಮಾನ್ಯವಾಗಿರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ವರ್ಷದಲ್ಲಿ ಹಲವು ಬಾರಿ ಜ್ವರ ಬರುವುದುಂಟು. ಇವುಗಳ ಪೈಕಿ ಹೆಚ್ಚಿನವು ವೈರಾಣುಗಳಿಂದ ಉಂಟಾಗಿ, ಮೂರು ನಾಲ್ಕು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆದರೆ ಕೆಲವು ಮಕ್ಕಳಲ್ಲಿ ಜ್ವರವು ನ್ಯುಮೋನಿಯಾ, ಮಿದುಳು ಜ್ವರ, ರಕ್ತದ ನಂಜು, ಡೆಂಗಿ ಮುಂತಾದ ಪ್ರಾಣಾಪಾಯಕಾರಿ ಕಾಯಿಲೆಗಳ ಮೊದಲ ಸೂಚನೆಯಾಗಿರುತ್ತದೆ. ಈ ಕೆಲವು ಮಕ್ಕಳನ್ನು ಉಳಿದವರಿಂದ ಬೇರ್ಪಡಿಸಿ, ತಡವಿಲ್ಲದೆ ಆಸ್ಪತ್ರೆಗೆ ತಲುಪಿಸುವುದೇ ಪೋಷಕರ ಮುಖ್ಯ ಕರ್ತವ್ಯವಾಗಿರುತ್ತದೆ.

ಥರ್ಮಾಮೀಟರಿನ ಅಂಕಿಯೊಂದರಿಂದಲೇ ಕಾಯಿಲೆಯ ತೀವ್ರತೆಯನ್ನು ನಿರ್ಧರಿಸಲಾಗದು. ಉದಾಹರಣೆಗೆ, 103 ಡಿಗ್ರಿ ಫ್ಯಾರನ್‌ಹೀಟ್ ಜ್ವರವಿರುವ ಮೂರು ವರ್ಷದ ಮಗು, ಔಷಧಿ ಕೊಟ್ಟ ಅರ್ಧ ಗಂಟೆಯ ನಂತರ ಎದ್ದು ಕುಳಿತು ನೀರು ಕೇಳಿ ಕುಡಿದು, ಅಂಗಳದಲ್ಲಿ ಆಡುತ್ತಿದ್ದರೆ, ಸಾಮಾನ್ಯವಾಗಿ ಗಾಬರಿಪಡಬೇಕಾದ ಕಾರಣವಿರುವುದಿಲ್ಲ. ಅದೇ 100 ಡಿಗ್ರಿ ಜ್ವರವಿರುವ ಮಗು ಎದೆಹಾಲು ಬಿಟ್ಟು, ಕರೆದರೂ ಕಣ್ಣು ತೆರೆಯದೆ ಮಂಕಾಗಿ ಮಲಗಿದ್ದರೆ ಅದು ತುರ್ತು ಸ್ಥಿತಿಯಾಗಿರುತ್ತದೆ. ಮಗುವಿನ ವಯಸ್ಸು, ಆಹಾರ ಸೇವನೆ, ಉಸಿರಾಟ, ಎಚ್ಚರ ಮತ್ತು ಮೂತ್ರದ ಪ್ರಮಾಣ, ಈ ಐದನ್ನು ಗಮನಿಸುವ ಕ್ರಮವನ್ನು ಕೆಳಗೆ ವಿವರಿಸಲಾಗಿದೆ.

2. ಈ ನಾಲ್ಕು ತಾಲ್ಲೂಕುಗಳ ಹಿನ್ನೆಲೆ

ಕಾವೇರಿ ತೀರದ ಈ ಸೀಮೆಗೆ ಜ್ವರದ ಹಳೆಯ ಇತಿಹಾಸವಿದೆ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ನೆಲೆಸಿದ್ದ ಬ್ರಿಟಿಷ್ ಸೇನೆಯು ಅಲ್ಲಿನ ಜ್ವರದ ಬಾಧೆಯಿಂದಾಗಿ 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಸ್ಥಳಾಂತರಗೊಂಡಿತು. ಕೃಷ್ಣರಾಜಸಾಗರ ಅಣೆಕಟ್ಟೆಯ ಕಾಮಗಾರಿಯು 1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡು, ವಿಶ್ವೇಶ್ವರಯ್ಯ ನಾಲೆಯ ನೀರು ಹೊಲಗಳಿಗೆ ಹರಿಯಿತು. ಅದೇ ಅವಧಿಯಲ್ಲಿ, ಅಂದರೆ 1920ರ ದಶಕದ ಕೊನೆಯಲ್ಲಿ, ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ನಾಗೇನಹಳ್ಳಿಯ ಕೇಂದ್ರವು ಅವುಗಳಲ್ಲಿ ಒಂದು. ಅಂದಿಗೆ ಹೋಲಿಸಿದರೆ ಇಂದು ಮಲೇರಿಯಾ ಬಹುಮಟ್ಟಿಗೆ ಹತೋಟಿಯಲ್ಲಿದೆ.

ಆದರೂ ನೀರಾವರಿ, ಭತ್ತದ ಗದ್ದೆ ಮತ್ತು ಸೊಳ್ಳೆಗಳ ನಂಟು ಮುಗಿದಿಲ್ಲ. ಮಂಡ್ಯ ಜಿಲ್ಲೆಯು ರಾಜ್ಯದಲ್ಲಿ ಜಪಾನೀಸ್ ಮಿದುಳು ಜ್ವರದ ಬಾಧಿತ ಜಿಲ್ಲೆಗಳ ಪೈಕಿ ಒಂದಾಗಿರುತ್ತದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ನಾಲಾ ಬಯಲು, ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಾವತಿ ನಾಲೆಯ ಅಚ್ಚುಕಟ್ಟು ಹಾಗೂ ಕೆರೆಯಂಗಳಗಳಲ್ಲಿ ಈ ಸೊಳ್ಳೆಗಳಿಗೆ ಅನುಕೂಲ ವಾತಾವರಣವಿದೆ. ನಾಗಮಂಗಲ ತಾಲ್ಲೂಕು ಹೆಚ್ಚಾಗಿ ಮಳೆಯಾಶ್ರಿತವಾಗಿದ್ದು, ಅಲ್ಲಿ ಮನೆಗಳಲ್ಲಿ ನೀರನ್ನು ತೊಟ್ಟಿ, ಡ್ರಮ್ಮುಗಳಲ್ಲಿ ದಿನಗಟ್ಟಲೆ ಸಂಗ್ರಹಿಸುವುದು ಡೆಂಗಿ ಸೊಳ್ಳೆಗೆ ಆಸರೆಯಾಗುತ್ತದೆ. ಆದ್ದರಿಂದ ಈ ಭಾಗದ ಪೋಷಕರು, ವಿಶೇಷವಾಗಿ ಮಳೆಗಾಲದಲ್ಲಿ ಹಾಗೂ ಅದರ ನಂತರದ ತಿಂಗಳುಗಳಲ್ಲಿ, ಮಕ್ಕಳ ಜ್ವರವನ್ನು ಎಚ್ಚರಿಕೆಯಿಂದ ಗಮನಿಸತಕ್ಕದ್ದು.

3. ಜ್ವರವನ್ನು ಅಳೆಯುವ ಕ್ರಮ

ಹಣೆ ಮುಟ್ಟಿ ನೋಡುವುದರಿಂದ ಅಂದಾಜು ಮಾತ್ರ ದೊರೆಯುತ್ತದೆ. ಡಿಜಿಟಲ್ ಥರ್ಮಾಮೀಟರನ್ನು ಮಗುವಿನ ಕಂಕುಳಿನ ಒಣ ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಸದ್ದು ಬರುವವರೆಗೆ ಕಾಯತಕ್ಕದ್ದು. ಮನೆಯಲ್ಲಿ ಥರ್ಮಾಮೀಟರ್ ಇಲ್ಲದವರು ಗ್ರಾಮದ ಆಶಾ ಕಾರ್ಯಕರ್ತೆಯ ನೆರವು ಪಡೆಯಬಹುದು.

ಕಂಕುಳಿನ ಉಷ್ಣಾಂಶದ ವಿವರ:

- 99.5 ಡಿಗ್ರಿ ಫ್ಯಾರನ್‌ಹೀಟ್ (37.5 ಡಿಗ್ರಿ ಸೆಲ್ಸಿಯಸ್) ಮತ್ತು ಮೇಲ್ಪಟ್ಟು: ಜ್ವರ ಎಂದು ಪರಿಗಣಿಸಲಾಗುತ್ತದೆ.
- 101.3 ಡಿಗ್ರಿ ಫ್ಯಾರನ್‌ಹೀಟ್ (38.5 ಡಿಗ್ರಿ ಸೆಲ್ಸಿಯಸ್) ಮತ್ತು ಮೇಲ್ಪಟ್ಟು: ಹೆಚ್ಚಿನ ಜ್ವರ.
- 95.9 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (35.5 ಡಿಗ್ರಿ ಸೆಲ್ಸಿಯಸ್) ಕಡಿಮೆ: ಎಳೆಯ ಶಿಶುವಿನಲ್ಲಿ ಇದು ಜ್ವರದಷ್ಟೇ ಅಪಾಯದ ಸೂಚನೆ.

ಉಷ್ಣಾಂಶವನ್ನು ನೋಡಿದ ಸಮಯ ಹಾಗೂ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಡುವುದು ಸೂಕ್ತ. ಜ್ವರ ಎಂದು ಆರಂಭವಾಯಿತು ಎಂಬ ದಿನಾಂಕವು ವೈದ್ಯರಿಗೆ ಅತ್ಯಂತ ಉಪಯುಕ್ತವಾಗಿರುತ್ತದೆ.

4. ಎರಡು ತಿಂಗಳೊಳಗಿನ ಶಿಶುಗಳು

ಹುಟ್ಟಿದ ದಿನದಿಂದ ಎರಡು ತಿಂಗಳು ತುಂಬುವವರೆಗೆ ಶಿಶುವಿನ ರೋಗನಿರೋಧಕ ಶಕ್ತಿ ಅತ್ಯಲ್ಪವಾಗಿರುತ್ತದೆ. ಈ ವಯಸ್ಸಿನಲ್ಲಿ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು. ಆದ್ದರಿಂದ ಈ ವಯೋಮಾನದ ಶಿಶುವಿಗೆ ಜ್ವರ ಬಂದರೆ ಮನೆಮದ್ದಾಗಲಿ, ಔಷಧಿ ಅಂಗಡಿಯ ಹನಿ ಔಷಧಿಯಾಗಲಿ ಕೊಡದೆ, ಅದೇ ದಿನ, ರಾತ್ರಿಯಾಗಿದ್ದರೆ ಅದೇ ರಾತ್ರಿ, ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಕೆಳಕಂಡ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡುಬಂದರೂ ತೀವ್ರ ಸೋಂಕಿನ ಸಂಭವವಿರುತ್ತದೆ:

(ಅ) ಎದೆಹಾಲು ಕುಡಿಯದಿರುವುದು ಅಥವಾ ಮೊದಲಿಗಿಂತ ಬಹಳ ಕಡಿಮೆ ಕುಡಿಯುವುದು.
(ಆ) ಮೈ ಬಿಸಿಯಾಗಿರುವುದು ಅಥವಾ ಅಸಹಜವಾಗಿ ತಣ್ಣಗಿರುವುದು.
(ಇ) ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು; ಎದೆಯ ಕೆಳಭಾಗ ಆಳವಾಗಿ ಒಳಗೆ ಸೆಳೆಯುವುದು; ನರಳುವ ಸದ್ದು; ಮೂಗಿನ ಹೊಳ್ಳೆಗಳು ಅರಳುವುದು.
(ಈ) ತಾನಾಗಿ ಕೈಕಾಲು ಆಡಿಸದೆ, ಮುಟ್ಟಿದಾಗ ಮಾತ್ರ ಆಡಿಸುವುದು ಅಥವಾ ಸಂಪೂರ್ಣ ನಿಶ್ಚಲವಾಗಿರುವುದು.
(ಉ) ಫಿಟ್ಸ್ ಬರುವುದು, ನೆತ್ತಿ ಉಬ್ಬುವುದು.
(ಊ) ಹೊಕ್ಕುಳಿನಿಂದ ಕೀವು ಬರುವುದು ಅಥವಾ ಸುತ್ತಲಿನ ಚರ್ಮ ಕೆಂಪಾಗುವುದು. ಮೈಮೇಲೆ ಕೀವುಗುಳ್ಳೆಗಳು ಏಳುವುದು.

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಜನಿಸಿದ ಶಿಶುವಿನ ಮನೆಗೆ 3, 7, 14, 21, 28 ಮತ್ತು 42ನೇ ದಿನಗಳಂದು ಭೇಟಿ ನೀಡುತ್ತಾರೆ. ಬಾಣಂತಿಯು ತವರಿನಲ್ಲಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸತಕ್ಕದ್ದು. ಶಿಶುವಿಗೆ ದೃಷ್ಟಿಯಾಗಿದೆ ಎಂದು ನಿವಾಳಿಸಿ ಕಾಯುವುದರಿಂದ, ಬಾಣಂತಿ ಮನೆಯಿಂದ ಹೊರಹೋಗಬಾರದೆಂಬ ಕಟ್ಟುಪಾಡಿನಿಂದ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಹಿರಿಯರಿಗೆ ಈ ವಿಷಯವನ್ನು ಮೊದಲೇ ಮನವರಿಕೆ ಮಾಡಿಕೊಡುವುದು ಒಳ್ಳೆಯದು.

5. ಎರಡು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳು

5.1 ನಾಲ್ಕು ಪ್ರಶ್ನೆಗಳು

ಜ್ವರವಿರುವ ಮಗುವನ್ನು ನೋಡುವಾಗ ಪೋಷಕರು ಈ ಕೆಳಗಿನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು:

1. ಮಗುವಿಗೆ ಕುಡಿಯಲು ಅಥವಾ ಎದೆಹಾಲು ಸೇವಿಸಲು ಆಗುತ್ತಿಲ್ಲವೇ?
2. ಕೊಟ್ಟಿದ್ದೆಲ್ಲವನ್ನೂ ವಾಂತಿ ಮಾಡುತ್ತಿದೆಯೇ?
3. ಈ ಕಾಯಿಲೆಯಲ್ಲಿ ಫಿಟ್ಸ್ ಬಂದಿದೆಯೇ?
4. ಮಗು ಮಂಕಾಗಿದೆಯೇ, ಎಬ್ಬಿಸಿದರೂ ಏಳುತ್ತಿಲ್ಲವೇ, ಪ್ರಜ್ಞೆ ತಪ್ಪಿದೆಯೇ?

ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಮಗುವನ್ನು ತಕ್ಷಣ ಆಸ್ಪತ್ರೆಗೆ ಸೇರಿಸತಕ್ಕದ್ದು. ನಾಲ್ಕಕ್ಕೂ ‘ಇಲ್ಲ’ ಎಂದಿದ್ದಲ್ಲಿ ಮುಂದಿನ ಅಂಶಗಳನ್ನು ಪರಿಶೀಲಿಸಬಹುದು.

5.2 ಉಸಿರಾಟದ ಎಣಿಕೆ

ಮಗು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಹೊಟ್ಟೆ ಅಥವಾ ಎದೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಪೂರ್ಣ ಒಂದು ನಿಮಿಷ ಎಣಿಸತಕ್ಕದ್ದು. ಕೆಳಕಂಡ ಪ್ರಮಾಣ ತಲುಪಿದಲ್ಲಿ ಅದು ವೇಗದ ಉಸಿರಾಟವಾಗಿದ್ದು, ನ್ಯುಮೋನಿಯಾ ಇರುವ ಸಂಭವವಿರುತ್ತದೆ:

- 2 ತಿಂಗಳಿನಿಂದ 12 ತಿಂಗಳೊಳಗೆ: ನಿಮಿಷಕ್ಕೆ 50 ಅಥವಾ ಹೆಚ್ಚು
- 12 ತಿಂಗಳಿನಿಂದ 5 ವರ್ಷದೊಳಗೆ: ನಿಮಿಷಕ್ಕೆ 40 ಅಥವಾ ಹೆಚ್ಚು

ಉಸಿರು ಒಳಗೆಳೆದುಕೊಳ್ಳುವಾಗ ಪಕ್ಕೆಯ ಕೆಳಭಾಗ ಗುಳಿ ಬೀಳುವುದು, ನರಳುವುದು, ತುಟಿ ಅಥವಾ ನಾಲಿಗೆ ನೀಲಿಯಾಗುವುದು ಕಂಡುಬಂದರೆ ಎಣಿಕೆಗಾಗಿ ಕಾಲ ಕಳೆಯದೆ ಹೊರಡತಕ್ಕದ್ದು.

5.3 ಇತರೆ ಅಪಾಯದ ಲಕ್ಷಣಗಳು

- ಕುತ್ತಿಗೆ ಬಿಗಿಯಾಗಿ ಮುಂದಕ್ಕೆ ಬಾಗದಿರುವುದು, ಬೆಳಕು ನೋಡಲಾಗದಿರುವುದು, ತೀವ್ರ ತಲೆನೋವು.
- ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳು. ಪಾರದರ್ಶಕ ಗಾಜಿನ ಲೋಟವನ್ನು ಒತ್ತಿ ನೋಡಿದಾಗಲೂ ಚುಕ್ಕೆ ಮಾಸದಿದ್ದರೆ ಅದು ರಕ್ತಸ್ರಾವದ ಗುರುತು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಅಂಗೈ, ಅಂಗಾಲು ಮತ್ತು ಕಣ್ಣಿನ ರೆಪ್ಪೆಯ ಒಳಭಾಗದಲ್ಲಿ ನೋಡತಕ್ಕದ್ದು.
- ಜ್ವರವಿದ್ದರೂ ಕೈಕಾಲು ತಣ್ಣಗಿರುವುದು. ಉಗುರನ್ನು ಒತ್ತಿ ಬಿಟ್ಟಾಗ ಮೂರು ಸೆಕೆಂಡಿನಲ್ಲಿಯೂ ಬಣ್ಣ ಮರಳದಿರುವುದು.
- ಎಂಟು ಗಂಟೆಗಳಿಗೂ ಹೆಚ್ಚು ಕಾಲ ಮೂತ್ರ ಮಾಡದಿರುವುದು. ಕಣ್ಣು ಗುಳಿ ಬೀಳುವುದು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಮರಳುವುದು.
- ಕೈ ಅಥವಾ ಕಾಲನ್ನು ಮುಟ್ಟಿದರೆ ಚೀರುವುದು, ಕೀಲು ಊದುವುದು, ಮೊದಲು ನಡೆಯುತ್ತಿದ್ದ ಮಗು ಕಾಲೂರದಿರುವುದು.
- ಬೇರಾವ ಲಕ್ಷಣವೂ ಇಲ್ಲದೆ ಜ್ವರ ಮುಂದುವರಿಯುವುದು, ಮೂತ್ರ ಮಾಡುವಾಗ ಅಳುವುದು. ಇದು ಮೂತ್ರದ ಸೋಂಕಾಗಿರಬಹುದು.
- ಏಳು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಪ್ರತಿದಿನ ಜ್ವರ ಬರುವುದು.

ತೀವ್ರ ಅಪೌಷ್ಟಿಕತೆಯಿಂದ ಬಳಲುತ್ತಿರುವ ಮಗುವಿನಲ್ಲಿ ಗಂಭೀರ ಸೋಂಕಿದ್ದರೂ ಜ್ವರವೇ ಬರದಿರಬಹುದು. ಅಂಗನವಾಡಿಯಲ್ಲಿ ತೂಕ ಕಡಿಮೆ ಎಂದು ಗುರುತಿಸಲ್ಪಟ್ಟ ಮಗು ಊಟ ಬಿಟ್ಟು ಮಂಕಾದರೆ ಮೈ ಬಿಸಿಯಾಗಲೆಂದು ಕಾಯತಕ್ಕದ್ದಲ್ಲ.

ತಾಯಿಯು ‘ಮಗು ಎಂದಿನಂತಿಲ್ಲ’ ಎಂದು ಹೇಳುವ ಮಾತಿಗೆ ವೈದ್ಯಕೀಯವಾಗಿ ಮಹತ್ವವಿದೆ. ಈ ಮಾತನ್ನು ಮನೆಯವರು ಹಾಗೂ ಆರೋಗ್ಯ ಸಿಬ್ಬಂದಿ ಇಬ್ಬರೂ ಗಂಭೀರವಾಗಿ ಪರಿಗಣಿಸತಕ್ಕದ್ದು.

6. ಈ ಭಾಗದಲ್ಲಿ ಗಮನಿಸಬೇಕಾದ ಜ್ವರಗಳು

6.1 ಡೆಂಗಿ

ಡೆಂಗಿ ಜ್ವರವು ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಹರಡುತ್ತದೆ. ಈ ಕಾಯಿಲೆಯ ವಿಷಯದಲ್ಲಿ ಪೋಷಕರು ಮೋಸ ಹೋಗುವುದು ಜ್ವರ ಇಳಿದ ದಿನದಂದು. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತಿದ್ದಂತೆಯೇ ರಕ್ತನಾಳಗಳಿಂದ ದ್ರವ ಸೋರಿ, ರಕ್ತದೊತ್ತಡ ಕುಸಿಯುವ ಸಂಭವವಿರುತ್ತದೆ. ಜ್ವರ ಬಿಟ್ಟ ಮೇಲೆ ಮಗು ಹಸಿವಿನಿಂದ ಊಟ ಕೇಳಿದರೆ ಅದು ಗುಣವಾಗುವ ಸೂಚನೆ. ಜ್ವರ ಬಿಟ್ಟ ಮೇಲೂ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಚಡಪಡಿಕೆ, ಅತಿಯಾದ ನಿದ್ರೆ, ತಣ್ಣನೆಯ ಕೈಕಾಲು ಇದ್ದರೆ ತಕ್ಷಣ ದಾಖಲಿಸತಕ್ಕದ್ದು.

ಜ್ವರ ಆರಂಭವಾದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 ಪರೀಕ್ಷೆಯೂ, ತದನಂತರ ಐಜಿಎಂ ಪರೀಕ್ಷೆಯೂ ಉಪಯುಕ್ತವಾಗಿರುತ್ತವೆ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡಿ ಗಾಬರಿಗೊಳ್ಳುವುದಾಗಲಿ, ಸಂಖ್ಯೆ ಚೆನ್ನಾಗಿದೆಯೆಂದು ಮೇಲಿನ ಲಕ್ಷಣಗಳನ್ನು ಅಲಕ್ಷಿಸುವುದಾಗಲಿ ಸರಿಯಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಯೆಂದು ಅಧಿಸೂಚಿಸಿದ್ದು, ಸೊಳ್ಳೆ ಉತ್ಪತ್ತಿಯಾಗದಂತೆ ನೋಡಿಕೊಳ್ಳುವುದು ಮನೆಯ ಮಾಲೀಕರ ಹೊಣೆಯಾಗಿರುತ್ತದೆ. ನೀರಿನ ತೊಟ್ಟಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ, ಒಣಗಿಸಿ ಮುಚ್ಚಿಡತಕ್ಕದ್ದು.

6.2 ಜಪಾನೀಸ್ ಮಿದುಳು ಜ್ವರ

ಈ ವೈರಾಣು ಬೆಳ್ಳಕ್ಕಿಯಂತಹ ನೀರುಹಕ್ಕಿಗಳು ಹಾಗೂ ಹಂದಿಗಳಲ್ಲಿದ್ದು, ಭತ್ತದ ಗದ್ದೆಗಳಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ಮಕ್ಕಳಿಗೆ ತಗಲುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಜ್ವರ, ತಲೆನೋವು ಮತ್ತು ವಾಂತಿಯಿಂದ ಆರಂಭವಾಗಿ ಒಂದೆರಡು ದಿನಗಳಲ್ಲಿ ಫಿಟ್ಸ್, ಅಸಂಬದ್ಧ ಮಾತು, ಪ್ರಜ್ಞಾಹೀನತೆಗೆ ತಿರುಗಬಹುದು. ಮಿದುಳಿಗೆ ಸೋಂಕು ತಗಲಿದವರ ಪೈಕಿ ಶೇಕಡಾ 30ರವರೆಗೆ ಸಾವು ಸಂಭವಿಸಬಹುದಾಗಿದ್ದು, ಬದುಕುಳಿದ ಹಲವರಲ್ಲಿ ಶಾಶ್ವತ ನ್ಯೂನತೆ ಉಳಿಯುತ್ತದೆ. ಇದಕ್ಕೆ ನಿರ್ದಿಷ್ಟ ಔಷಧಿಯಿಲ್ಲ, ಲಸಿಕೆ ಇದೆ. 9 ತಿಂಗಳು ತುಂಬಿದ ನಂತರ ಮೊದಲನೇ ಡೋಸ್ ಮತ್ತು 16ರಿಂದ 24 ತಿಂಗಳೊಳಗೆ ಎರಡನೇ ಡೋಸನ್ನು ಉಚಿತವಾಗಿ ನೀಡಲಾಗುತ್ತದೆ.

6.3 ದಡಾರ

ಜ್ವರ, ಕೆಮ್ಮು, ಕೆಂಗಣ್ಣು, ನಂತರ ಮುಖದಿಂದ ಕೆಳಕ್ಕೆ ಹರಡುವ ಗುಳ್ಳೆ ದಡಾರದ ಲಕ್ಷಣಗಳು. ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿ ಮಗುವನ್ನು ಮನೆಯಲ್ಲಿರಿಸುವ ವಾಡಿಕೆ ಹಳ್ಳಿಗಳಲ್ಲಿ ಇಂದಿಗೂ ಇದೆ. ಮನೆಯವರ ಭಕ್ತಿ ಆಚರಣೆಗಳಿಗೆ ಅಡ್ಡಿಯಿಲ್ಲ. ಮಗುವನ್ನು ಪ್ರತ್ಯೇಕವಾಗಿರಿಸುವುದು ಸೋಂಕು ಹರಡದಂತೆಯೂ ತಡೆಯುತ್ತದೆ. ಆದರೆ ದಡಾರದ ನಂತರ ಬರುವ ನ್ಯುಮೋನಿಯಾ ಮತ್ತು ಭೇದಿಯಿಂದ ಮಕ್ಕಳು ಸಾಯುತ್ತಾರೆ. ಆದ್ದರಿಂದ ವೈದ್ಯರಿಗೆ ತೋರಿಸಿ ವಿಟಮಿನ್ ‘ಎ’ ಪಡೆಯತಕ್ಕದ್ದು. ಕಾಯಿಲೆಯನ್ನು ಮುಚ್ಚಿಡದೆ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ನೆರೆಹೊರೆಯ ಮಕ್ಕಳಿಗೂ ರಕ್ಷಣೆ ದೊರೆಯುತ್ತದೆ.

6.4 ಸ್ಕ್ರಬ್ ಟೈಫಸ್

ಪೊದೆ, ಹುಲ್ಲು, ಬದುಗಳಲ್ಲಿರುವ ನುಸಿಯ ಮರಿಗಳ ಕಡಿತದಿಂದ ಇದು ಬರುತ್ತದೆ. ಐದು ದಿನ ಕಳೆದರೂ ಜ್ವರ ಇಳಿಯದಿದ್ದರೆ ಮಗುವಿನ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳಲ್ಲಿ ನೋವಿಲ್ಲದ ಕಪ್ಪು ಹಕ್ಕಳೆಯಿದೆಯೇ ಎಂದು ಪರೀಕ್ಷಿಸತಕ್ಕದ್ದು. ಹಕ್ಕಳೆ ಕಂಡರೆ ಅದನ್ನು ವೈದ್ಯರಿಗೆ ತೋರಿಸತಕ್ಕದ್ದು. ಬೇಗನೆ ಗುರುತಿಸಿದರೆ ಕಡಿಮೆ ಬೆಲೆಯ ಔಷಧಿಯಿಂದ ಗುಣವಾಗುವ ಈ ಕಾಯಿಲೆ, ತಡವಾದರೆ ಶ್ವಾಸಕೋಶ ಹಾಗೂ ಮಿದುಳಿಗೆ ಹಾನಿ ಮಾಡುತ್ತದೆ.

7. ಮನೆಯಲ್ಲಿ ಆರೈಕೆ

ಅಪಾಯದ ಲಕ್ಷಣಗಳಿಲ್ಲದ, ಎರಡು ತಿಂಗಳು ಮೇಲ್ಪಟ್ಟ ಮಗುವನ್ನು ಎರಡು ದಿನಗಳವರೆಗೆ ಮನೆಯಲ್ಲಿ ಆರೈಕೆ ಮಾಡಬಹುದು. ಮೂರನೇ ದಿನವೂ ಜ್ವರವಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ರಾತ್ರಿಯಲ್ಲಿ ಕನಿಷ್ಠ ಎರಡು ಬಾರಿ ಎದ್ದು ಮಗುವಿನ ಉಸಿರಾಟ ಮತ್ತು ಎಚ್ಚರವನ್ನು ನೋಡತಕ್ಕದ್ದು.

ಮಾಡಬೇಕಾದುದು:

- ಎದೆಹಾಲನ್ನು ಹೆಚ್ಚು ಬಾರಿ ಕೊಡುವುದು. ದೊಡ್ಡ ಮಕ್ಕಳಿಗೆ ಗಂಜಿ, ಬೇಳೆಕಟ್ಟು, ಎಳನೀರು, ಮಜ್ಜಿಗೆ, ತೆಳುವಾದ ರಾಗಿ ಅಂಬಲಿ ಕೊಡುವುದು. ಮಗುವನ್ನು ಲಂಘನ ಕೆಡವಬಾರದು.
- ಭೇದಿಯಿದ್ದರೆ ಒಂದು ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸುವುದು. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲುವುದು.
- ತೆಳು ಹತ್ತಿ ಬಟ್ಟೆ ಹಾಕಿ, ಗಾಳಿಯಾಡುವ ಕೋಣೆಯಲ್ಲಿ ಮಲಗಿಸುವುದು. ಕಂಬಳಿ, ಕುಲಾವಿಯಿಂದ ಬಿಗಿಯಾಗಿ ಸುತ್ತಬಾರದು.
- ಜ್ವರದಿಂದ ಮಗುವಿಗೆ ಹಿಂಸೆಯಾಗುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡುವುದು.

ಪ್ಯಾರಾಸಿಟಮಾಲ್ ಪ್ರಮಾಣವು ಮಗುವಿನ ತೂಕವನ್ನು ಅವಲಂಬಿಸಿರುತ್ತದೆ. ಪ್ರತಿ ಕಿಲೋಗ್ರಾಂ ತೂಕಕ್ಕೆ ಒಂದು ಬಾರಿಗೆ 10ರಿಂದ 15 ಮಿಲಿಗ್ರಾಂ. 10 ಕಿಲೋ ತೂಕದ ಮಗುವಿಗೆ ಒಂದು ಬಾರಿಗೆ 100ರಿಂದ 150 ಮಿಲಿಗ್ರಾಂ ಆಗುತ್ತದೆ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಅಂತರವಿರತಕ್ಕದ್ದು ಮತ್ತು ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಕೊಡತಕ್ಕದ್ದಲ್ಲ. ಮಾರುಕಟ್ಟೆಯಲ್ಲಿ ಈ ಔಷಧಿ ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗುತ್ತದೆ. 5 ಮಿಲಿಲೀಟರ್‌ನಲ್ಲಿ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್, 5 ಮಿಲಿಲೀಟರ್‌ನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಹಾಗೂ ಒಂದೇ ಮಿಲಿಲೀಟರ್‌ನಲ್ಲಿ 100 ಮಿಲಿಗ್ರಾಂ ಇರುವ ಹನಿ ಔಷಧಿ ಇವೆ. ಹನಿ ಔಷಧಿಯನ್ನು ಸಿರಪ್‌ನಂತೆ 5 ಮಿಲಿಲೀಟರ್ ಕೊಟ್ಟರೆ ಮಗುವಿಗೆ 500 ಮಿಲಿಗ್ರಾಂ ಹೋಗುತ್ತದೆ. ಆದ್ದರಿಂದ ಸೀಸೆಯ ಮೇಲಿನ ಬರಹವನ್ನು ಪ್ರತಿ ಬಾರಿಯೂ ಓದಿ, ಸೀಸೆಯೊಂದಿಗೆ ಬಂದ ಅಳತೆಯಿಂದಲೇ ಅಳೆಯತಕ್ಕದ್ದು.

ಮಾಡಬಾರದುದು:

- ಆಸ್ಪಿರಿನ್ ಕೊಡಬಾರದು. ಡೆಂಗಿ ಸಂಶಯವಿರುವಾಗ ಐಬುಪ್ರೊಫೆನ್ ಸಹ ಕೊಡಬಾರದು. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ನೀಡುವುದನ್ನು ಕೇಂದ್ರ ಸರ್ಕಾರವು 2011ರಲ್ಲಿ ನಿಷೇಧಿಸಿದೆ.
- ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆಯು 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ.
- ಹಿಂದಿನ ಬಾರಿ ಉಳಿದ ಅಥವಾ ಪಕ್ಕದ ಮನೆಯ ಮಗುವಿಗೆ ಬರೆದುಕೊಟ್ಟ ಆ್ಯಂಟಿಬಯೋಟಿಕ್ ಕೊಡಬಾರದು.
- ಹೊಟ್ಟೆಗೆ ಬರೆ ಹಾಕಬಾರದು. ಬರೆಯಿಂದ ಜ್ವರ ಇಳಿಯುವುದಿಲ್ಲ. ಸುಟ್ಟ ಗಾಯದಿಂದ ಹೊಸ ಸೋಂಕು ಸೇರುತ್ತದೆ.
- ತಣ್ಣೀರಿನಿಂದ ಮೈ ಒರೆಸಬಾರದು. ಒರೆಸುವುದಾದರೆ ಉಗುರುಬೆಚ್ಚಗಿನ ನೀರನ್ನು ಬಳಸತಕ್ಕದ್ದು.

8. ಜ್ವರದೊಂದಿಗೆ ಫಿಟ್ಸ್ ಬಂದಾಗ

ಆರು ತಿಂಗಳಿನಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದ ಕಾರಣದಿಂದಲೇ ಫಿಟ್ಸ್ ಬರುವುದುಂಟು. ಇದನ್ನು ಹಳ್ಳಿಗಳಲ್ಲಿ ಬಾಲಗ್ರಹ ಎಂದು ಕರೆಯುತ್ತಾರೆ. ಮಗುವನ್ನು ಸಮತಟ್ಟಾದ ಜಾಗದಲ್ಲಿ ಒಂದು ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಸಮಯ ನೋಡಿಕೊಳ್ಳತಕ್ಕದ್ದು. ಬಾಯಿಗೆ ನೀರು, ಔಷಧಿ, ಚಮಚ ಹಾಕಬಾರದು. ಕೈಕಾಲು ಅದುಮಿ ಹಿಡಿಯಬಾರದು. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ಮೊದಲ ಬಾರಿ ಬಂದ ಫಿಟ್ಸ್ ತಾನಾಗಿ ನಿಂತರೂ, ಮಿದುಳು ಜ್ವರ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಅದೇ ದಿನ ಆಸ್ಪತ್ರೆಗೆ ತೋರಿಸತಕ್ಕದ್ದು. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡತಕ್ಕದ್ದು.

9. ಎಲ್ಲಿಗೆ ಕರೆದೊಯ್ಯಬೇಕು

ಸಾಮಾನ್ಯ ಜ್ವರಕ್ಕೆ ಹತ್ತಿರದ ಉಪಕೇಂದ್ರ, ಅಂದರೆ ಆಯುಷ್ಮಾನ್ ಆರೋಗ್ಯ ಮಂದಿರ, ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ ಸೂಕ್ತವಾಗಿರುತ್ತದೆ. ಅಪಾಯದ ಲಕ್ಷಣಗಳಿದ್ದಲ್ಲಿ ನೇರವಾಗಿ ತಾಲ್ಲೂಕು ಮಟ್ಟದ ಅಥವಾ ಅದಕ್ಕಿಂತ ಮೇಲಿನ ಆಸ್ಪತ್ರೆಗೆ ಹೋಗತಕ್ಕದ್ದು.

- ಶ್ರೀರಂಗಪಟ್ಟಣ: ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ. ಮೈಸೂರು ಸಮೀಪವಿರುವುದರಿಂದ ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಚೆಲುವಾಂಬ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ ಲಭ್ಯವಿರುತ್ತದೆ.
- ಪಾಂಡವಪುರ: ಉಪವಿಭಾಗೀಯ ಆಸ್ಪತ್ರೆ. ಮೇಲುಕೋಟೆ ಬೆಟ್ಟದ ಸುತ್ತಲಿನ ಗ್ರಾಮಗಳವರು ರಾತ್ರಿ ವೇಳೆ ವಾಹನ ಸಿಗುವುದು ತಡವಾಗಬಹುದೆಂಬುದನ್ನು ಗಮನದಲ್ಲಿಟ್ಟು ಬೇಗನೆ ನಿರ್ಧರಿಸತಕ್ಕದ್ದು.
- ಕೃಷ್ಣರಾಜಪೇಟೆ: ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ. ಕಿಕ್ಕೇರಿ, ಬೂಕನಕೆರೆ ಮುಂತಾದ ಹೋಬಳಿಗಳಿಂದ ದೊಡ್ಡ ಆಸ್ಪತ್ರೆಗಳು ದೂರವಿರುವುದರಿಂದ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮಗುವನ್ನು ಸ್ಥಿರಗೊಳಿಸಿ, ಅಲ್ಲಿಂದ ಆಂಬ್ಯುಲೆನ್ಸ್‌ನಲ್ಲಿ ಕಳುಹಿಸುವುದು ಸುರಕ್ಷಿತ.
- ನಾಗಮಂಗಲ: ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ. ಬೆಳ್ಳೂರು ಭಾಗದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಹತ್ತಿರವಾಗುತ್ತದೆ.

ನಾಲ್ಕೂ ತಾಲ್ಲೂಕುಗಳಿಗೆ ಜಿಲ್ಲಾ ಕೇಂದ್ರದ ಉನ್ನತ ಆಸ್ಪತ್ರೆಯಾಗಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಕಾರ್ಯನಿರ್ವಹಿಸುತ್ತಿದೆ. 2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆಯು ಉಚಿತವಾಗಿರುತ್ತದೆ. ಕರೆ ಮಾಡುವಾಗ ಗ್ರಾಮ, ಹೋಬಳಿ, ಹತ್ತಿರದ ದೇವಸ್ಥಾನ ಅಥವಾ ಶಾಲೆ, ಮಗುವಿನ ವಯಸ್ಸು ಮತ್ತು ಲಕ್ಷಣವನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ದಾರಿಯಲ್ಲಿ ಎಚ್ಚರವಿರುವ ಮಗುವಿಗೆ ಎದೆಹಾಲು ಮುಂದುವರಿಸತಕ್ಕದ್ದು. ನವಜಾತ ಶಿಶುವನ್ನು ತಾಯಿಯ ಎದೆಗೆ ತಾಗಿಸಿ ಬೆಚ್ಚಗಿಡತಕ್ಕದ್ದು.

10. ಉಚಿತ ಸೇವೆಗಳು ಮತ್ತು ದಾಖಲೆಗಳು

(ಅ) ಜನನಿ ಶಿಶು ಸುರಕ್ಷಾ ಕಾರ್ಯಕ್ರಮ: 2011ರಲ್ಲಿ ಜಾರಿಗೆ ಬಂದು, 2014ರಿಂದ ಒಂದು ವರ್ಷದವರೆಗಿನ ಶಿಶುಗಳಿಗೆ ವಿಸ್ತರಿಸಲ್ಪಟ್ಟಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ ಹಾಗೂ ಸಾಗಣೆ ಉಚಿತ. ಪಡಿತರ ಚೀಟಿಯ ಬಣ್ಣ ಇಲ್ಲಿ ಅನ್ವಯಿಸುವುದಿಲ್ಲ.

(ಆ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸಹಾಯ. ಪಡಿತರ ಚೀಟಿ ಮತ್ತು ಆಧಾರ್ ಅಗತ್ಯವಿರುತ್ತದೆ.

(ಇ) ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ: 2013ರಿಂದ ಜಾರಿಯಲ್ಲಿದ್ದು, ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ.

ಹೊರಡುವಾಗ ತಾಯಿ ಕಾರ್ಡ್, ಪಡಿತರ ಚೀಟಿ, ಆಧಾರ್ ಮತ್ತು ಈಗಾಗಲೇ ಕೊಟ್ಟ ಔಷಧಿಯ ಸೀಸೆಯನ್ನು ಕೊಂಡೊಯ್ಯುವುದು ಅನುಕೂಲ. ಇವು ಕೈಗೆ ಸಿಗದಿದ್ದರೆ ಹುಡುಕುತ್ತಾ ನಿಲ್ಲಬಾರದು. ದಾಖಲೆಗಳನ್ನು ಮನೆಯ ಇನ್ನೊಬ್ಬರು ಹಿಂದಿನಿಂದ ತರಬಹುದು. ತುರ್ತು ಚಿಕಿತ್ಸೆ ಆರಂಭಿಸಲು ಅವು ಬೇಕಾಗುವುದಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಹಾಗೂ ಅದರ 2017ರ ತಿದ್ದುಪಡಿಯಂತೆ ಖಾಸಗಿ ಆಸ್ಪತ್ರೆಗಳು ಸಹ ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸತಕ್ಕದ್ದಲ್ಲ. ಸೇವೆಯಲ್ಲಿ ಲೋಪವಾದಲ್ಲಿ ಆಯಾ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಸಲ್ಲಿಸಬಹುದು.

11. ಲಸಿಕೆಗಳು

ತೀವ್ರ ಸೋಂಕುಗಳಲ್ಲಿ ಹಲವನ್ನು ಲಸಿಕೆಯಿಂದ ತಡೆಯಬಹುದು. ಪೆಂಟಾವಲೆಂಟ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ, ನ್ಯುಮೋಕಾಕಲ್ ಲಸಿಕೆಯನ್ನು 6 ಮತ್ತು 14ನೇ ವಾರ ಹಾಗೂ 9ನೇ ತಿಂಗಳಿನಲ್ಲಿ, ದಡಾರ-ರುಬೆಲ್ಲಾ ಮತ್ತು ಜಪಾನೀಸ್ ಮಿದುಳು ಜ್ವರದ ಲಸಿಕೆಗಳನ್ನು 9ನೇ ತಿಂಗಳು ಹಾಗೂ 16ರಿಂದ 24 ತಿಂಗಳೊಳಗೆ ನೀಡಲಾಗುತ್ತದೆ.

ಕಬ್ಬು ಕಟಾವು, ಆಲೆಮನೆ ಹಾಗೂ ಇಟ್ಟಿಗೆ ಗೂಡುಗಳ ಕೆಲಸಕ್ಕೆ ಹೊರ ಜಿಲ್ಲೆಗಳಿಂದ ಬಂದ ಕುಟುಂಬಗಳ ಮಕ್ಕಳಿಗೂ ಇರುವ ಸ್ಥಳದಲ್ಲಿಯೇ ಲಸಿಕೆ ದೊರೆಯುತ್ತದೆ. ಸ್ವಂತ ಊರಿನ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಮಗುವನ್ನು ಲಸಿಕೆಯಿಂದ ವಂಚಿತಗೊಳಿಸಬಾರದು. ಕೆಲಸ ಕೊಟ್ಟ ಮಾಲೀಕರು ಇಂತಹ ಮಕ್ಕಳ ಮಾಹಿತಿಯನ್ನು ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ನೀಡಿ ಸಹಕರಿಸತಕ್ಕದ್ದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಸಿಕೆ ಹಾಕಿದ ರಾತ್ರಿ ಜ್ವರ ಬಂದಿದೆ. ಏನು ಮಾಡಬೇಕು?
ಉತ್ತರ: ಒಂದೆರಡು ದಿನ ಸಣ್ಣ ಜ್ವರ ಸಹಜ. ಎರಡು ದಿನ ಮೀರಿದರೆ ಅಥವಾ ಅಪಾಯದ ಲಕ್ಷಣಗಳಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಆರನೇ ವಾರದ ಲಸಿಕೆಯ ನಂತರ ಶಿಶು ಹಾಲು ಬಿಟ್ಟರೆ ಅಥವಾ ಮಂಕಾದರೆ ಲಸಿಕೆಯ ಜ್ವರವೆಂದು ಭಾವಿಸದೆ ಕೂಡಲೇ ಆಸ್ಪತ್ರೆಗೆ ಕರೆತರತಕ್ಕದ್ದು.

ಪ್ರಶ್ನೆ: ಹಲ್ಲು ಹುಟ್ಟುವಾಗ ಜ್ವರ ಬರುತ್ತದೆಯೇ?
ಉತ್ತರ: ಹಲ್ಲು ಹುಟ್ಟುವುದರಿಂದ ಹೆಚ್ಚಿನ ಜ್ವರ ಬರುವುದಿಲ್ಲ. ಬೇರೆ ಕಾರಣವನ್ನು ಹುಡುಕತಕ್ಕದ್ದು.

ಪ್ರಶ್ನೆ: ನಿನ್ನೆ ವೈದ್ಯರಿಗೆ ತೋರಿಸಿ ಬಂದಿದ್ದೇವೆ. ಇಂದು ಮಗು ಇನ್ನಷ್ಟು ಸೊರಗಿದೆ. ಮತ್ತೆ ಹೋಗಬಹುದೇ?
ಉತ್ತರ: ಹೋಗಲೇಬೇಕು. ಮೊದಲ ದಿನ ಕಾಣದ ಲಕ್ಷಣ ಎರಡನೇ ದಿನ ಕಾಣಿಸಿಕೊಳ್ಳಬಹುದು. ನಿನ್ನೆಯ ಚೀಟಿಯನ್ನು ಜೊತೆಗೆ ಕೊಂಡೊಯ್ಯತಕ್ಕದ್ದು.

ಪ್ರಶ್ನೆ: ಜ್ವರಕ್ಕೆ ಇಂಜೆಕ್ಷನ್ ಕೊಡಿಸಿದರೆ ಬೇಗ ಗುಣವಾಗುವುದಿಲ್ಲವೇ?
ಉತ್ತರ: ಇಲ್ಲ. ಬಾಯಿಯಿಂದ ಕುಡಿಯಬಲ್ಲ ಮಗುವಿಗೆ ಜ್ವರ ಇಳಿಸಲು ಇಂಜೆಕ್ಷನ್ ಬೇಕಿಲ್ಲ. ಡೆಂಗಿಯಿದ್ದಲ್ಲಿ ಸ್ನಾಯುವಿಗೆ ಚುಚ್ಚಿದ ಜಾಗದಲ್ಲಿ ರಕ್ತಸ್ರಾವವಾಗುವ ಸಂಭವವಿರುತ್ತದೆ.

13. ಸಾರಾಂಶ

ಎರಡು ತಿಂಗಳೊಳಗಿನ ಶಿಶುವಿನ ಯಾವುದೇ ಜ್ವರಕ್ಕೆ ಅದೇ ದಿನ ಆಸ್ಪತ್ರೆ. ಹಾಲು ಬಿಟ್ಟ, ಎಲ್ಲವನ್ನೂ ವಾಂತಿ ಮಾಡುವ, ಫಿಟ್ಸ್ ಬಂದ, ಮಂಕಾದ ಅಥವಾ ಉಸಿರಾಟಕ್ಕೆ ಕಷ್ಟಪಡುವ ಮಗುವಿಗೆ ತಕ್ಷಣ ಆಸ್ಪತ್ರೆ. ಮೂರನೇ ದಿನವೂ ಇಳಿಯದ ಜ್ವರಕ್ಕೆ ವೈದ್ಯರ ಪರೀಕ್ಷೆ. ಜ್ವರ ಬಿಟ್ಟ ಮೇಲೂ ಚೇತರಿಸದ ಮಗುವಿಗೆ ಮರುಪರೀಕ್ಷೆ. ಆಸ್ಪತ್ರೆಗೆ ಹೋಗಿ ಏನೂ ಇಲ್ಲವೆಂದು ಹಿಂತಿರುಗಿದರೆ ಅದರಿಂದ ನಷ್ಟವಾಗುವುದು ಒಂದು ದಿನದ ಕೂಲಿ ಮತ್ತು ಪ್ರಯಾಣದ ಖರ್ಚು ಮಾತ್ರ. ಬೆಳಗಾಗಲೆಂದು ಕಾದು ಕಳೆದ ರಾತ್ರಿಯನ್ನು ಮರಳಿ ಪಡೆಯಲಾಗದು ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಈ ಮಾಹಿತಿಯು ಪೋಷಕರ ತಿಳುವಳಿಕೆಗಾಗಿ ಮಾತ್ರವಿದ್ದು, ವೈದ್ಯರ ಪರೀಕ್ಷೆ ಹಾಗೂ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ಹೆಚ್ಚಿನ ವಿವರಗಳಿಗೆ ಗ್ರಾಮದ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಸಂಪರ್ಕಿಸಲು ಕೋರಲಾಗಿದೆ. ತುರ್ತು ಸಂದರ್ಭದಲ್ಲಿ ದೂರವಾಣಿ ಸಂಖ್ಯೆ: 108.